ನಾನು ಮುಚ್ಚಿಸಿದ ಮಗ್ಗದ ಕುಣಿ

ಅಣ್ಣನ ಮಗ್ಗದ ಕುಣಿಯನ್ನು ಮುಚ್ಚಿಸಿದವಳು ನಾನು. ಅರ್ಧ ಟ್ರ್ಯಾಕ್ಟರ್ ಗರಸು ಮಣ್ಣು ತರಿಸಿ, ನೀರು ಹೊಡೆಸಿ, ದಿಮ್ಮಸಿನಿಂದ ಬಡಿಸಿ, ಮೇಲೆ ಫರಸಿ ಕಲ್ಲು ಕೂರಿಸಿ ಎರಡು ದಿನದಲ್ಲಿ ಮುಗಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಅದನ್ನು ಈಗಲೂ ಹೇಳುತ್ತೇನೆ.

ಬನಹಟ್ಟಿಯವರಿಗೆ ಈ ಕುಣಿ ಏನೆಂದು ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ನಮ್ಮ ಕಡೆ ಕೈಮಗ್ಗವನ್ನು ನೆಲದ ಮಟ್ಟಕ್ಕೆ ಹೂಡುತ್ತಾರೆ. ನೇಯುವವನು ಕೂರುವಲ್ಲಿ ಮೊಣಕಾಲಿಗಿಂತ ತುಸು ಆಳದ ತಗ್ಗು ಇರುತ್ತದೆ. ಅದರ ಅಂಚಿಗೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಅಣ್ಣ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಅಂಚಿಗೆ ಕೂತವನು. ನಡುವೆ ಇಪ್ಪತ್ತು ವರ್ಷ ಪವರ್‌ಲೂಮ್ ಶೆಡ್ಡಿಗೆ ದುಡಿಯಲು ಹೋದ. ಆಗಲೂ ಬೆಳಿಗ್ಗೆ ಒಂದು ಮೊಳ ನೇಯದೆ ಮನೆ ಬಿಟ್ಟವನಲ್ಲ.

ನಾನು ಹದಿನಾರಕ್ಕೆ ಮನೆ ಬಿಟ್ಟೆ. ನರ್ಸಿಂಗ್ ತರಬೇತಿಯ ಹಾಸ್ಟೆಲ್‌ನಲ್ಲಿ ಐದಕ್ಕೆ ಗಂಟೆ ಹೊಡೆಯುತ್ತಿತ್ತು, ಐದೂಕಾಲಿಗೆ ಹಾಸಿಗೆ ಸರಿಯಾಗಿರಬೇಕಿತ್ತು. ಚಾದರಿನ ನಾಲ್ಕು ಮೂಲೆ ಒಂದೇ ತೆರನಾಗಿ ಮಡಚಿರದಿದ್ದರೆ ಹಿರಿಯ ಸಿಸ್ಟರ್ ಅದನ್ನು ಎಳೆದು ನೆಲಕ್ಕೆ ಹಾಕಿ ಮುಂದೆ ಹೋಗುತ್ತಿದ್ದರು. ಆಮೇಲೆ ಮೂವತ್ತೈದು ವರ್ಷ ಬೀಳಗಿ, ಮುಧೋಳ, ಜಮಖಂಡಿ ಎಂದು ಸರಕಾರಿ ನೌಕರಿ. ಮದುವೆಯಾಗಲಿಲ್ಲ. ನಿವೃತ್ತಿಯ ನಂತರ ಅಣ್ಣನ ಮನೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ಮಾಡಿದೆ. ಈಗಲೂ ಐದಕ್ಕೆ ಏಳುತ್ತೇನೆ, ಚಾದರಿನ ಮೂಲೆಗಳನ್ನು ಮಡಚುತ್ತೇನೆ.

ಅಣ್ಣನಿಗೆ ದಮ್ಮು ಮೊದಲಿಂದಲೂ ಇತ್ತು. ಆ ವರ್ಷದ ಚಳಿಗಾಲದಲ್ಲಿ ಅದು ಏರಿ, ಜಮಖಂಡಿಯಲ್ಲಿ ಒಂಬತ್ತು ದಿನ ಆಸ್ಪತ್ರೆ ಸೇರಿದ. ಡಾಕ್ಟರು ಎಕ್ಸರೇ ಹಿಡಿದು ನನಗೆ ತೋರಿಸಿದರು. ಪುಪ್ಪುಸ ಬಹಳ ಹಾಳಾಗಿತ್ತು. ಬೀಡಿ ಒಂದು ಕಾರಣ, ಅರಳೆಯ ದೂಳು ಇನ್ನೊಂದು. ಬೀಡಿ ಬಿಟ್ಟು, ದೂಳಿನಿಂದ ದೂರವಿದ್ದು, ಮನೆಯಲ್ಲಿ ಆಕ್ಸಿಜನ್ ಮಷಿನ್ ಇಟ್ಟುಕೊಂಡರೆ ಮೂರು ನಾಲ್ಕು ವರ್ಷ ಹೋಗಬಹುದು ಎಂದರು. ಮಗ್ಗಕ್ಕೆ ಕೂತರೆ ಹೇಳಲಾಗದು ಎಂದರು.

ಅತ್ತಿಗೆ ಆಸ್ಪತ್ರೆಯಲ್ಲಿ ಅಣ್ಣನ ಹತ್ತಿರ ಇದ್ದಳು. ಕುಣಿ ಮುಚ್ಚಿಸಿ ಅಲ್ಲೇ ಮಂಚ ಹಾಕೋಣ ಎಂದು ನಾನು ಕೇಳಿದಾಗ ತಡಮಾಡದೆ ಒಪ್ಪಿದಳು. "ಮುಚ್ಚಿಸಿಬಿಡ್ರಿ. ತೆರದಿದ್ರ ಇಳಿದ ಇಳಿತಾರ ಅವರು." ಅಣ್ಣನನ್ನು ನಾವಿಬ್ಬರೂ ಕೇಳಲಿಲ್ಲ. ರೋಗಿಯ ತಲೆಗೆ ಇಂಥದ್ದನ್ನೆಲ್ಲ ಹಚ್ಚಬಾರದು ಎಂದು ನಾನು ತಿಳಿದಿದ್ದೆ.

ಚಿಮ್ಮಡದಿಂದ ಗಾರೆ ಕೆಲಸದ ಗೌಂಡಿ ಬಂದ. ಅವನು ಮಗ್ಗದ ಕಟ್ಟಿಗೆಗಳನ್ನು ಬಿಚ್ಚುವ ಮೊದಲು ನಾನು ನೂಲು ತೆಗೆಯಬೇಕಿತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಗಾಯದ ಹೊಲಿಗೆ ಬಿಚ್ಚುವ ನನ್ನ ಕತ್ತರಿ ತಂದು, ನೇಯ್ದ ಅಂಚಿನ ಗುಂಟ ಹಾಸನ್ನು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳನ್ನು, ನೇರವಾಗಿ ಕತ್ತರಿಸಿದೆ. ಉಳಿದ ಎಳೆಗಳನ್ನು ಹಣಿಗೆಯಿಂದ ಎಳೆದು ಹಾಕಿದೆ. ಬಾಚಣಿಗೆಯಂಥ ಆ ಹಣಿಗೆಯ ಹಲ್ಲುಗಳ ನಡುವೆ ವರ್ಷಗಟ್ಟಲೆಯ ದೂಳು ಕೂತಿತ್ತು. ಅದನ್ನು ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟೆ. ಸೀರೆಯ ತುಂಡನ್ನು ಒಗೆದು ಮಡಚಿದೆ.

ಹತ್ತನೆಯ ದಿನ ಅಣ್ಣ ಮನೆಗೆ ಬಂದ. ಫರಸಿ ನೋಡಿದ, ಮಂಚ ನೋಡಿದ. ನಾನು ಆಕ್ಸಿಜನ್ ಮಷಿನ್ ಹೇಗೆ ನಡೆಸಬೇಕೆಂದು ಹೇಳುತ್ತಿದ್ದೆ. ಅವನು ಹಣಿಗೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ.

"ತುದಿ ಎಲ್ಲಿ ಬೇ, ತಂಗಿ?"

"ಯಾವ ತುದಿ?"

ಅತ್ತಿಗೆ ಚಹದ ಬಟ್ಟಲು ಹಿಡಿದುಕೊಂಡೇ ನಿಂತಳು. "ತುದಿ ಬಿಟ್ಟೀರಿ ಹೌದಿಲ್ಲರಿ?"

ಆಗ ನನಗೆ ಗೊತ್ತಾಯಿತು. ನೇಕಾರರ ಮನೆಯಲ್ಲಿ ಹಾಸು ಮುಗಿದಾಗ ಅದನ್ನು ಪೂರಾ ತೆಗೆಯುವುದಿಲ್ಲ. ಹಣಿಗೆಯಲ್ಲಿ ಒಂದು ಗೇಣು ಎಳೆ ಉಳಿಸಿ ಕತ್ತರಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ತುದಿಗೆ, ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು, ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಾಗೆ ಮಾಡಿದರೆ ಸಾವಿರಾರು ಎಳೆಗಳನ್ನು ಹಣಿಗೆಯಲ್ಲಿ ಮತ್ತೆ ತುಂಬುವ ಕೆಲಸ ತಪ್ಪುತ್ತದೆ. ಅಷ್ಟೇ ಆಗಿದ್ದರೆ ನಾನು ಅವನಿಗೆ ಕೆಲಸ ಹೆಚ್ಚಿಸಿದ್ದೆ ಎನ್ನಬಹುದಿತ್ತು. ಆದರೆ ಆ ಹಣಿಗೆಯಲ್ಲಿದ್ದ ಎಳೆಗಳನ್ನು ಮೊದಲು ತುಂಬಿದವರು ನಮ್ಮ ಅಪ್ಪ. ಅವರ ಕೊನೆಯ ಹಾಸಿನ ತುದಿಗೆ ಅಣ್ಣ ತನ್ನ ಮೊದಲ ಹಾಸು ಕೆಚ್ಚಿದ್ದ. ಆ ಮೇಲೆ ಹಣಿಗೆ ಸವೆದು ಬದಲಾದಾಗಲೂ ತುದಿಗಳನ್ನು ಗಂಟು ಹಾಕಿ ಕಾಪಾಡಿ ಹೊಸದಕ್ಕೆ ದಾಟಿಸಿದ್ದ. ಒಂದು ಹಾಸಿನಿಂದ ಇನ್ನೊಂದಕ್ಕೆ ಎಳೆ ಎಂದೂ ಕಡಿದಿರಲಿಲ್ಲ. ಹುಡುಗಿಯಾಗಿದ್ದಾಗ ನಾನೇ ಬೂದಿಯ ಬಟ್ಟಲು ಹಿಡಿದು ಅಪ್ಪನ ಪಕ್ಕದಲ್ಲಿ ಕೂತವಳು. ಹಾಸ್ಟೆಲ್ಲಿನ ಚಾದರಿನ ಮೂಲೆ ನೆನಪಿತ್ತು, ಇದು ಇರಲಿಲ್ಲ.

ಅಣ್ಣ ಬೈಯಲಿಲ್ಲ. ಹಣಿಗೆಯನ್ನು ಗೂಟಕ್ಕೆ ತೂಗುಹಾಕಿ ಮಂಚದ ಮೇಲೆ ಕೂತ. "ಭಾಳ ಸ್ವಚ್ಛ ತೊಳದೀರಿ, ಬಾಯಾರ," ಎಂದ. ನಮ್ಮ ಕಡೆ ಆಸ್ಪತ್ರೆಯಲ್ಲಿ ನರ್ಸನ್ನು ಹಾಗೆ ಕರೆಯುತ್ತಾರೆ. ಮನೆಯಲ್ಲಿ ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ನಂತರದ ನಾಲ್ಕು ತಿಂಗಳು ಅವನಂಥ ವಿಧೇಯ ರೋಗಿಯನ್ನು ನಾನು ಕಂಡಿಲ್ಲ. ಬೀಡಿ ಬಿಟ್ಟ. ಆರಕ್ಕೆ ಗುಳಿಗೆ, ಏಳಕ್ಕೆ ಉಗಿ, ಎಂಟಕ್ಕೆ ಒಂದು ರೊಟ್ಟಿ, ಬೇಯಿಸಿದ ಪಲ್ಲೆ. ಬೆಳಿಗ್ಗೆ ಸಂಜೆ ನಾನು ಬೆರಳಿಗೆ ಆಕ್ಸಿಜನ್ ನೋಡುವ ಯಂತ್ರ ಹಚ್ಚಿ ವಹಿಯಲ್ಲಿ ಬರೆಯುತ್ತಿದ್ದೆ. ಅಂಕಿ ಏರುತ್ತಾ ಬಂತು. ಡಾಕ್ಟರು ವಹಿ ನೋಡಿ, ಎಲ್ಲರ ಮನೆಯಲ್ಲೂ ಇಂಥ ಒಬ್ಬರಿರಬೇಕು ಎಂದರು. ನನಗೆ ಖುಷಿಯಾಯಿತು. ಮುಚ್ಚಿಡುವುದೇನು.

ಅಂಕಿಯಲ್ಲಿ ಬಾರದ್ದೂ ಕಾಣುತ್ತಿತ್ತು. ಅವನು ಮಾತು ಕಡಿಮೆ ಮಾಡಿದ. ಮೊದಲು ಓಣಿಯ ಜನರೆಲ್ಲ ಕಿಟಕಿಯಲ್ಲಿ ನಿಂತು ಅವನೊಡನೆ ಹರಟುತ್ತಿದ್ದರು. ಮಗ್ಗದ ಸದ್ದು ಇಲ್ಲದ್ದಕ್ಕೆ ಯಾರೂ ನಿಲ್ಲದಾದರು. ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಮಂಚದ ಅಂಚಿಗೆ ಕೂತರೆ, ಅವನ ಎರಡೂ ಹಿಮ್ಮಡಿ ಫರಸಿಯನ್ನು ಒಂದಾದ ಮೇಲೊಂದು ಒತ್ತುತ್ತಿದ್ದವು. ಅವನಿಗೆ ಅದು ಗೊತ್ತೇ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ವಹಿ ತೆರೆದು ಕೂತಾಗ ಅವನು ಬೆರಳು ಚಾಚಲಿಲ್ಲ.

"ಅದರಾಗ ಇವತ್ತ ಎಷ್ಟ ಬರೀತಿ?"

"ಬೆರಳ ಕೊಟ್ರ ಗೊತ್ತಾಕ್ಕೈತಿ."

"ತೊಂಬತ್ಮೂರ ಬರಕೋ. ಏನ ಮಾಡೂದು ಆ ತೊಂಬತ್ಮೂರ ತಗೊಂಡು?"

"ಜೀವ ಇರತೈತಿ, ಅಣ್ಣಾ. ಅದಕಿಂತ ಇನ್ನೇನ ಬೇಕು?"

"ಇರತೈತಿ ಖರೆ. ಗೂಟಕ್ಕ ಹಣಿಗಿ ಇದ್ದಂಗ ಇರತೈತಿ." ಅವನಿಗೆ ಕೆಮ್ಮು ಬಂತು. ಮುಗಿಯುವತನಕ ಕಾದು ಹೇಳಿದ: "ಕುಣಿ ತೆಗಸು. ಒಂದ ವರ್ಷ ನೇಯ್ತೇನಿ. ಆಮ್ಯಾಲ ಹ್ವಾದ್ರ ಹೋಗ್ಲಿ."

ಇಂಥ ಮಾತು ನನಗೆ ಹೊಸದಲ್ಲ. ವಾರ್ಡಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಬೀಳಗಿಯಲ್ಲಿದ್ದಾಗ ಒಬ್ಬ ಕುರಿಗಾರ ಕಾಮಾಲೆಯಿಂದ ಮಲಗಿದ್ದ. ಬೀರೇಶ್ವರನ ಒಕ್ಕಲಿನವನು. ಕುರಿಗಳು ಹೊಳೆ ದಾಟಿ ಹೋಗುವ ದಿನ ಬಂದಿದೆ ಎಂದು ನಾಲ್ಕನೆಯ ದಿನಕ್ಕೇ ಎದ್ದು ಕಂಬಳಿ ಹೊದ್ದ. ವೈದ್ಯರ ಮಾತು ಮೀರಿ ಸ್ವಂತ ಜವಾಬ್ದಾರಿಯಲ್ಲಿ ಹೋಗುತ್ತಿದ್ದೇನೆ ಎಂಬ ಕಾಗದಕ್ಕೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದೆ. ಅಂಥವರನ್ನು ನಾನು ದಡ್ಡರೆಂದು ಎಣಿಸುತ್ತಿದ್ದೆ. ಅವನು ಉಳಿದನೋ ಇಲ್ಲವೋ ಗೊತ್ತಿಲ್ಲ. ವಿಚಾರಿಸಲಿಲ್ಲ. ಕಾಗದ ಫೈಲಿಗೆ ಸೇರಿದ ಮೇಲೆ ನನ್ನ ಕೆಲಸ ಮುಗಿದಿತ್ತು.

ಅಣ್ಣನಿಗೂ ಆ ಕಾಗದದ ಕಥೆ ಹೇಳಿದ್ದೆ. "ಹಂಗಾರ ನನಗೂ ಒಂದ ಫಾರ್ಮ್ ಕೊಡ್ರಿ, ಬಾಯಾರ. ನನಗ ಹೆಬ್ಬಟ್ಟ ಬ್ಯಾಡ, ಸಹಿ ಬರತೈತಿ," ಎಂದ.

ನನಗೆ ಸಿಟ್ಟು ಬಂತು. ವಹಿಯಿಂದ ಒಂದು ಹಾಳೆ ಹರಿದು, ಆ ಕಾಗದದಲ್ಲಿ ಇರುವಂತೆಯೇ ಪೂರಾ ಬರೆದು ಅವನ ಮುಂದೆ ಇಟ್ಟೆ. ಅವನು ಕನ್ನಡಕ ಹಾಕಿಕೊಂಡು ಓದಿ, "ಅಕ್ಷರ ಛಲೋ ಅದಾವ," ಎಂದು ಸಹಿ ಹಾಕಿದ. ನಾನೂ ಸಾಕ್ಷಿ ಎಂದು ಸಹಿ ಹಾಕಿದೆ. ಆಗ ಒಲೆಯ ಹತ್ತಿರದಿಂದ ಅತ್ತಿಗೆ ಎದ್ದು ಬಂದಳು. ಕೈಗೆ ಹಿಟ್ಟು ಮೆತ್ತಿತ್ತು.

"ನಂದ ಸಹಿ ಎಲ್ಲಿ ಮಾಡ್ಲಿ?"

ಆಸ್ಪತ್ರೆಯ ಕಾಗದದಲ್ಲಿ ಸಂಬಂಧಿಕರ ಸಹಿಗೆ ಒಂದು ಸಾಲು ಇರುತ್ತದೆ. ನಾನು ಅದನ್ನು ಬಿಟ್ಟಿದ್ದೆ.

"ನೀವಿಬ್ರೂ ಅಣ್ಣ ತಂಗಿ ಕೂಡಿ ಬರಕೊಂಡ್ರಿ. ಅವರಿಗೆ ಮಗ್ಗ ಬೇಕು. ನಿಮಗ ವಹಿ ಬೇಕು. ನನಗ ಈ ಮನಷ್ಯಾ ಬೇಕು. ಸುಮ್ನ ಮಂಚದ ಮ್ಯಾಲ ಕುಂತಿದ್ರೂ ನಡಿತೈತಿ. ನಾ ರೊಟ್ಟಿ ಬಡಿಯೂಮುಂದ ಎದುರಿಗೆ ಒಬ್ಬರ ಇರಬೇಕು, ಅಷ್ಟ. ಅದನ್ನ ಎಲ್ಲೆರೆ ಬರದೀರೇನು?"

ಅಣ್ಣ ತಲೆ ತಗ್ಗಿಸಿದ. "ಎದುರಿಗೆ ಇರತೇನಲ್ಲ. ಮಗ್ಗ ಹೂಡಿದ್ರೂ ನಿನ್ನ ಎದುರಿಗೇ," ಎಂದ ಮೆಲ್ಲಗೆ.

"ಎಷ್ಟ ದಿನ?"

ಅವನು ಕನ್ನಡಕ ತೆಗೆದು ಮಡಚಿದ. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಅತ್ತಿಗೆ ಸಹಿ ಹಾಕಲಿಲ್ಲ. ಆ ಹಾಳೆ ಎರಡು ದಿನ ಗೋಡೆಯ ಮಾಡದಲ್ಲಿ ಬಿದ್ದಿತ್ತು. ಮೂರನೆಯ ದಿನ ಅವಳೇ ಒಂದು ಮಾತು ಹೇಳಿದಳು: ಕುಣಿಯ ಮಾತು ಆಮೇಲೆ. ಹಣಿಗೆಯಲ್ಲಿ ಎಳೆ ಇಲ್ಲದೆ ಮಗ್ಗವಾದರೂ ಹೇಗೆ ನಡೆದೀತು, ಮೊದಲು ಅದನ್ನು ತುಂಬಿರಿ, ಎಂದು. ಆ ಕೆಲಸ ಸದ್ಯಕ್ಕೆ ಮುಗಿಯಲಾರದು, ಅಷ್ಟರಲ್ಲಿ ಅಣ್ಣನ ಹಟ ಇಳಿದೀತು ಎಂದು ಅವಳು ಲೆಕ್ಕ ಹಾಕಿದ್ದಳು. ಇದನ್ನು ಅವಳು ನನಗೆ ಬಹಳ ತಡವಾಗಿ ಹೇಳಿದಳು.

ಹಣಿಗೆ ತುಂಬಲು ಇಬ್ಬರು ಬೇಕು. ಒಬ್ಬರು ಹಿಂದೆ ಕೂತು ಹಾಸಿನಿಂದ ಒಂದು ಎಳೆ ಆರಿಸಿ ಕೊಡಬೇಕು. ಇನ್ನೊಬ್ಬರು ಮುಂದೆ ಕೂತು, ಎಳೆಗಳನ್ನು ಎತ್ತಿ ಇಳಿಸುವ ದಾರದ ಕುಣಿಕೆಯೊಳಗೆ ಕೊಕ್ಕೆ ಹಾಕಿ ಅದನ್ನು ಎಳೆದು, ಹಣಿಗೆಯ ಹಲ್ಲುಗಳ ನಡುವೆ ದಾಟಿಸಬೇಕು. ಒಂದು ಎಳೆ ತಪ್ಪಿದರೂ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಮೂರು ಸಾವಿರಕ್ಕೂ ಹೆಚ್ಚು ಎಳೆ. ಪಳಗಿದ ಇಬ್ಬರು ಎರಡು ಮೂರು ದಿನದಲ್ಲಿ ಮುಗಿಸುತ್ತಾರೆ. ನಮಗೆ ಆರು ವಾರ ಹಿಡಿಯಿತು. ಹಾಸನ್ನು ಬೇರೆ ಮನೆಯಲ್ಲಿ ಸುತ್ತಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತಂದಿದ್ದೆ. ಒಂಬತ್ತರಿಂದ ಹತ್ತು, ಮತ್ತೆ ನಾಲ್ಕರಿಂದ ನಾಲ್ಕೂವರೆ. ಗಡಿಯಾರ ನೋಡಿ ಏಳಿಸುತ್ತಿದ್ದೆ. ಅವನು ಎಳೆ ಕೊಡುವವನು, ನಾನು ಕೊಕ್ಕೆ ಹಾಕುವವಳು.

ಮೊದಲ ದಿನ ನಲವತ್ತು ಎಳೆಯಲ್ಲಿ ಐದನ್ನು ನಾನು ತಪ್ಪಾಗಿ ಹಾಕಿದೆ.

"ಇಂಜೆಕ್ಷನ್ ಹಿಂಗ ಮಾಡ್ತಿದ್ದೇನು? ಅದಕ್ಕ ಮಂದಿ ಓಡಿ ಹೋಗ್ತಿದ್ರು," ಎಂದ.

"ಮಂದಿ ಅಳಗ್ಯಾಡತಿದ್ದಿಲ್ಲ. ನಿನ್ನ ಕೈ ನಡಗತೈತಿ."

"ನನ್ನ ಕೈ ನಡಗೂದಿಲ್ಲ. ನಿನ್ನ ಕಣ್ಣ ಹ್ವಾದಾವ, ಮುದಕಿ."

ಒಲೆಯ ಹತ್ತಿರ ಅತ್ತಿಗೆ ನಕ್ಕದ್ದು ನನಗೆ ಕೇಳಿಸಿತು. ಅವಳು ಅವನಿಗೆ ಆ ದಿನ ಎರಡನೆಯ ರೊಟ್ಟಿ ಹಾಕಿದಳು, ಅವನು ತಿಂದ. ಮರುದಿನವೂ ತಿಂದ. ಒಂದು ವಾರದ ಮೇಲೆ ಕಿಟಕಿಯಲ್ಲಿ ಜನ ನಿಲ್ಲತೊಡಗಿದರು. ತುಂಬುವಾಗ ದೂಳು ಏಳುವುದಿಲ್ಲ, ಹಾಗಾಗಿ ನಾನೂ ತಡೆಯಲಿಲ್ಲ. ವಹಿಯ ಅಂಕಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಅರ್ಧದಷ್ಟು ತುಂಬಿದ ಮೇಲೆ ಒಂದು ದಿನ ನಾನು ಕೇಳಿದೆ: "ನಾ ಕತ್ತರಿಸಿದ್ದು ಮರತಿಯೇನಣ್ಣಾ?"

"ಮರತೇನಿ ಅಂದ್ರ ಸುಳ್ಳಾಕ್ಕೈತಿ." ಎಳೆ ಕೊಡುವುದನ್ನು ನಿಲ್ಲಿಸಲಿಲ್ಲ. "ಅಪ್ಪಂದು ಅಲ್ಲಿಗೆ ಮುಗೀತು. ಇದು ನಿನ್ನ ಹಾಸು. ತಪ್ಪದಂಗ ಹಾಕು."

ಕೊನೆಯ ಎಳೆ ತುಂಬಿದ ದಿನ ಅತ್ತಿಗೆ ಎಂದಿನಂತೆ ರೊಟ್ಟಿ ಬಡಿದಳು. ಅದಾದ ಮೂರನೆಯ ದಿನ ಬೆಳಿಗ್ಗೆ ನಾನು ಹೋದಾಗ ಚಿಮ್ಮಡದ ಗೌಂಡಿ ಅಂಗಳದಲ್ಲಿ ಚಹ ಕುಡಿಯುತ್ತ ಕೂತಿದ್ದ. ಅವಳೇ ಫೋನ್ ಮಾಡಿ ಕರೆಸಿದ್ದಳು. ಮಾಡದಲ್ಲಿದ್ದ ಹಾಳೆಯಲ್ಲಿ, ನಾನು ಬಿಟ್ಟಿದ್ದ ಸಾಲಿನ ಜಾಗದಲ್ಲಿ, ಅವಳ ಸಹಿ ಇತ್ತು. ಶಾಲೆಯಲ್ಲಿ ಕಲಿತ ದುಂಡನೆಯ ಅಕ್ಷರ. ಯಾಕೆ ಮನಸ್ಸು ಬದಲಾಯಿತು ಎಂದು ಕೇಳಿದೆ.

"ಬದಲಾಗಿಲ್ಲರಿ. ನನಗ ಈಗೂ ಅದ ಬೇಕು. ಆದ್ರ ನಾಕ ತಿಂಗಳ ನನ್ನ ಎದುರಿಗೆ ಕುಂತಿದ್ದಾವ್ರು ಇವರಲ್ಲ. ಈ ಆರ ವಾರ ಕುಂತಾವ್ರು ಇವರು," ಎಂದಳು.

ಗೌಂಡಿ ಫರಸಿ ಎಬ್ಬಿಸಿ, ತಾನೇ ಬಡಿದು ಕೂರಿಸಿದ್ದ ಗರಸನ್ನು ಹಾರೆಯಿಂದ ಮೀಟಿ ತೆಗೆಯುತ್ತ ನನ್ನ ಕಡೆ ನೋಡಿದ. "ಬಾಯಾರ, ಮತ್ತ ಮುಚ್ಚಸೂದಿದ್ರ ಈಗ ಹೇಳಿಬಿಡ್ರಿ. ಗರಸು ದೂರ ಒಗಿಯೂದಿಲ್ಲ, ಬಾಜೂಕ ಇಟ್ಟಿರತೇನಿ."

ಡಾಕ್ಟರಿಗೆ ನಾನೇ ಹೋಗಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ನೀವು ಹೇಳ್ತಿದ್ದೀರಾ, ಸಿಸ್ಟರ್?" ಎಂದರು. ಹೌದು ಎಂದೆ. ಮೂಗಿಗೆ ಕಟ್ಟುವ ಮಾಸ್ಕ್ ಬರೆದುಕೊಟ್ಟರು. ನೆಲಕ್ಕೆ ನೀರು ಚಿಮುಕಿಸಿ ಕೂರಿಸಿ, ಅರ್ಧ ಗಂಟೆ ದಾಟಬೇಡಿ ಎಂದರು.

ಮಂಚವನ್ನು ಗೋಡೆಯ ಬದಿಗೆ ಸರಿಸಿ, ಬಿಚ್ಚಿಟ್ಟ ಕಟ್ಟಿಗೆಗಳನ್ನು ಕೂಡಿಸಿ ಮಗ್ಗ ಹೂಡಿದೆವು. ಅಣ್ಣ ಅರ್ಧ ಗಂಟೆ ದಾಟುತ್ತಿದ್ದ. ನಾನು ಕೂಗಿದರೆ "ಇದೊಂದ ಕಂಡಕಿ ಮುಗೀಲಿ" ಎಂದು, ಲಾಳಿಯೊಳಗಿನ ನೂಲು ತೀರುವವರೆಗೆ ಏಳುತ್ತಿರಲಿಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿ ಕಿಟಕಿಯವರೊಡನೆ ಮಾತಾಡುತ್ತಿದ್ದ. ಮೊದಲ ಸೀರೆಗೆ ಎರಡು ತಿಂಗಳು ಹಿಡಿಯಿತು. ಅದರ ಒಂದು ಬದಿಯಲ್ಲಿ, ಅಂಚಿನಿಂದ ನಾಲ್ಕು ಬೆರಳು ಒಳಗೆ, ಒಂದು ಗೆರೆ ಉದ್ದಕ್ಕೂ ತಪ್ಪಿತ್ತು. ನಾನು ತಪ್ಪು ಕೊಕ್ಕೆ ಹಾಕಿದ ಎಳೆ. ಅವನು ಅದನ್ನು ವ್ಯಾಪಾರಿಗೆ ಕೊಡಲಿಲ್ಲ. ಅತ್ತಿಗೆಗೆ ಕೊಟ್ಟ. ಆ ಹಾಸು ಮುಗಿದಾಗ ಒಂದು ಗೇಣು ತುದಿ ಬಿಟ್ಟು ಕತ್ತರಿಸಿದ. ಮುಂದಿನದನ್ನು ಕೆಚ್ಚುವಾಗ ನಾನು ಬೂದಿಯ ಬಟ್ಟಲು ಹಿಡಿದುಕೊಂಡು ಕೂತೆ.

ಹದಿಮೂರು ತಿಂಗಳು ನೇಯ್ದ. ಕೊನೆಯ ಎರಡು ತಿಂಗಳು ಕೂರುತ್ತಿದ್ದದ್ದು ಹತ್ತು ನಿಮಿಷ. ಒಂದು ಮಧ್ಯಾಹ್ನ ಊಟವಾದ ಮೇಲೆ ಮಂಚದಲ್ಲಿ ಒರಗಿದವನಿಗೆ ಉಸಿರು ಸಾಲದಾಯಿತು. ಮಷಿನ್ ಏರಿಸಿದೆ, ಆಂಬ್ಯುಲೆನ್ಸ್‌ಗೆ ಹೇಳಿದೆ. ಅದು ಬರುವ ಮೊದಲೇ ಹೋದ. ಸಮಯ ಎರಡು ಗಂಟೆ ನಲವತ್ತು ನಿಮಿಷ. ವಹಿಯಲ್ಲಿ ಬರೆದೆ.

ಕುಣಿ ಮುಚ್ಚಿಯೇ ಇದ್ದಿದ್ದರೆ ಇನ್ನೂ ಎರಡು ವರ್ಷ ಇರುತ್ತಿದ್ದನೋ ಏನೋ. ಅವನು ಮಾಡಿದ್ದು ಸರಿ ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರು ಅವನ ಎದುರಿಗೆ ರೊಟ್ಟಿ ಬಡಿದವರಲ್ಲ. ಅವನ ದಿನಕರ್ಮ ಮುಗಿದ ಮೇಲೆ ಒಮ್ಮೆ ಅತ್ತಿಗೆ ನನಗೆ ನೇರವಾಗಿಯೇ ಹೇಳಿದಳು: "ನಿಮ್ಮಣ್ಣಗ ಮಗ್ಗ ಸಿಕ್ತು. ನನಗ ಆ ಎರಡ ವರ್ಷ ಸಿಗಲಿಲ್ಲ. ಸಹಿ ಮಾಡಿದಾಕಿ ನಾನ. ಆದ್ರೂ ಹೇಳಾಕತ್ತೇನಿ." ನಾನು ಕೇಳಿಸಿಕೊಂಡೆ. ಸಮಾಧಾನದ ಮಾತು ಆಡಲು ಹೋಗಲಿಲ್ಲ. ಅವಳು ಹೇಳಿದ್ದು ಖರೆ ಇತ್ತು. ಅವನು ಹೇಳಿದ್ದೂ ಖರೆ ಇತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಬಹುದು ಎಂದು ನಾನು ನೌಕರಿಯುದ್ದಕ್ಕೂ ನಂಬಿದ್ದೆ, ಅಷ್ಟೇ.

ಮಂಚ ಮತ್ತು ಮಷಿನ್ ತೆಗೆಸಿದ ಮೇಲೆ ಮಗ್ಗ ಉಳಿಯಿತು. ಮನೆಯಲ್ಲಿ ನೇಯುವವರಿಲ್ಲ. ವಯಸ್ಸಾದ ಹೆಂಗಸು ಓಡಾಡುವ ಕೋಣೆಯಲ್ಲಿ ತೆರೆದ ತಗ್ಗು ಇಡುವುದು ಒಳ್ಳೆಯದಲ್ಲ. ಬಿದ್ದರೆ ಸೊಂಟದ ಎಲುಬು ಮುರಿಯುತ್ತದೆ, ಅಂಥವರನ್ನು ಬಹಳ ನೋಡಿದ್ದೇನೆ. ನನ್ನ ಕೈಯಲ್ಲಿದ್ದರೆ ಮರುವಾರವೇ ಗೌಂಡಿಯನ್ನು ಕರೆಸುತ್ತಿದ್ದೆ. ಕರೆಸಲಿಲ್ಲ. ಹೋಗಿ ಅತ್ತಿಗೆಯನ್ನು ಕೇಳಿದೆ.

"ವೈನಿ, ಕುಣಿ ಏನ ಮಾಡೂದರಿ?"

"ಇರ್ಲಿ ತಡೀರಿ. ನೋಡೂಣು."

ಎಂಟು ತಿಂಗಳಾಯಿತು. ಮತ್ತೆ ಕೇಳಿಲ್ಲ. ಹಣಿಗೆಯಲ್ಲಿ ಒಂದು ಗೇಣು ತುದಿ ಹಾಗೆಯೇ ಇದೆ, ದೂಳು ಕೂತಿದೆ, ನಾನು ಮುಟ್ಟಿಲ್ಲ. ಅತ್ತಿಗೆಗೆ ಈಗ ಮೊಣಕಾಲು ಪೂರ್ತಿ ಮಡಚಿ ನೆಲಕ್ಕೆ ಕೂರಲು ಬರುವುದಿಲ್ಲ. ಮೊನ್ನೆ ಬೆಳಿಗ್ಗೆ ಹೋದಾಗ ಅವಳು ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಮೊರದಲ್ಲಿ ಮೆಂತ್ಯೆ ಪಲ್ಲೆ ಸೋಸುತ್ತಿದ್ದಳು. ಗೆರೆ ತಪ್ಪಿದ ಸೀರೆ ಉಟ್ಟಿದ್ದಳು. "ಇಲ್ಲಿ ಕುಂತ್ರ ಕಾಲಿಗೆ ಭಾಳ ಛಲೋ ಅನಸ್ತೈತ್ರಿ. ಇವರು ಯಾಕ ಏಳತಿದ್ದಿಲ್ಲ ಅಂತ ಈಗ ಗೊತ್ತಾತು," ಎಂದಳು. ತುಸು ಸರಿದು ನನಗೂ ಜಾಗ ಮಾಡಿದಳು.